ಕಿವಿಯಲ್ಲಿ ಹೇಳಿದ ಹೆಸರು

ಚಿಗಳ್ಳಿ
16 ಫೆಬ್ರವರಿ 2024

ಜೊಯಿಡಾದ ಬೀಗತಿ ಗುರುಸಿದ್ದವ್ವಕ್ಕನವರಿಗೆ ಗಿರಿಜಾಬಾಯಿಯ ಶರಣು.

ನಾನು ಅಜ್ಜಿಯಾಗಿ ಇಂದಿಗೆ ಐದು ದಿನವಾಯಿತು. ಫೋನು ಮಾಡದೆ ಪತ್ರ ಬರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಹೋದ ಆಗಸ್ಟಿನಲ್ಲಿ ನನ್ನ ಮಗ ವೀರೇಶ ಇಲ್ಲವಾದ ಸುದ್ದಿ ಬಂದದ್ದು ಫೋನಿನಲ್ಲಿ, ಎತ್ತಿಕೊಂಡವಳು ನಾನು. ಅಂದಿನಿಂದ ಅದನ್ನು ಮುಟ್ಟಿಲ್ಲ. ರಿಂಗಾದರೆ ಎದ್ದು ಹಿತ್ತಲಿಗೆ ಹೋಗುತ್ತೇನೆ. ಏಳನೇ ಇಯತ್ತೆಯವರೆಗೆ ಕಲಿತದ್ದು ಇಷ್ಟಕ್ಕಾದರೂ ಬಂತು.

ಸೊಸೆ ಪೂರ್ಣಿಮಾ ಹೆತ್ತಳು, ಗಂಡುಕೂಸು ಎಂದು ನಮ್ಮ ಮನೆಯವರು ಒಳಗೆ ಬಂದು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಇನ್ನೂ ನಾಲ್ಕು ರೊಟ್ಟಿಯ ಹಿಟ್ಟಿತ್ತು. ನಾಲ್ಕನ್ನೂ ಬಡಿದು, ಬೇಯಿಸಿ, ಕೈ ತೊಳೆದುಕೊಂಡೆ. ಆಮೇಲೆ ಓಣಿಯ ಮನೆಗಳಿಗೆ ಸಕ್ಕರೆ ಹಂಚಿ ಬಂದೆ. ಪಕ್ಕದ ಮನೆಯ ಕೆಂಚವ್ವ ನನ್ನ ಎರಡೂ ಕೈ ಹಿಡಿದು, "ನಿಮ್ಮ ವೀರೇಶನ ತಿರುಗಿ ಬಂದಾನ ಬಿಡಬೇ ಗಿರಿಜವ್ವ" ಎಂದು ಅತ್ತಳು. ಅವಳು ಅತ್ತು ಮುಗಿಸುವವರೆಗೆ ನಿಂತಿದ್ದೆ. ಬೇರೆ ಯಾರದೋ ಮನೆಯ ಸಕ್ಕರೆಯನ್ನು ನಾನು ಹಂಚಿ ಬಂದಂತಿತ್ತು.

ಇವರು ಫೋನನ್ನು ದೂರ ಹಿಡಿದು ವೀಡಿಯೊ ತೋರಿಸಿದರು. ನೋಡಿದೆ. ಕೂಸು ಕೂಸಿನ ಹಾಗೆ ಇತ್ತು.

ನನಗೆ ಜಡ್ಡಿಲ್ಲ, ಜಾಪತ್ರಿಲ್ಲ. ಉಣ್ಣುತ್ತೇನೆ, ಎಮ್ಮೆ ಹಿಂಡುತ್ತೇನೆ, ನಿದ್ದೆಯೂ ಬರುತ್ತದೆ. ಒಂದೇ ಮಗ್ಗುಲಿಗೆ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ನನಗೆ ಎಲ್ಲವೂ ಜೋಮು ಹಿಡಿದಿದೆ. ಮುಟ್ಟಿದರೆ ತಿಳಿಯುವುದಿಲ್ಲ.

ಒಂದೇ ಮಾತು ಕೇಳುತ್ತೇನೆ. ಕೂಸಿಗೆ ವೀರೇಶ ಎಂದೇ ಹೆಸರಿಡಬೇಕು. ವರ್ಷ ತುಂಬದೆ ನಾನು ಶುಭಕಾರ್ಯಕ್ಕೆ ಬರುವ ಹಾಗಿಲ್ಲ. ದಾಂಡೇಲಿಯಿಂದ ನನ್ನ ಮಗಳು ಸುಮಿತಾ ಬರುತ್ತಾಳೆ. ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆಯೇ ಅಲ್ಲವೇ, ಅವಳಿಗೆ ಹೇಳಿ ಕಳಿಸಿದ್ದೇನೆ. ಆ ಹೆಸರು ಈ ಮನೆಯಲ್ಲಿ ಮತ್ತೆ ಕೇಳಿಬಂದರೆ ನನ್ನ ಜೋಮು ಬಿಟ್ಟೀತು ಎಂದು ಆಸೆ. ಬೇರೆ ಯಾವ ಆಸೆಯೂ ಉಳಿದಿಲ್ಲ.

ನಿಮ್ಮ
ಗಿರಿಜಾಬಾಯಿ


ಜೊಯಿಡಾ
24 ಫೆಬ್ರವರಿ 2024

ಗಿರಿಜಕ್ಕನವರಿಗೆ ಗುರುಸಿದ್ದವ್ವ ಮಾಡುವ ಶರಣು.

ನಿಮ್ಮ ಪತ್ರ ಹೆಸರಿಡುವ ಹಿಂದಿನ ದಿನ ಕೈಸೇರಿತು. ಪತ್ರ ಬಂದದ್ದೇ ಚಲೋ ಆಯಿತು. ಇಲ್ಲಿ ಫೋನು ಹಿಡಿಯಬೇಕಾದರೆ ನೀರಿನ ಟಾಕಿಯ ದಿಬ್ಬ ಹತ್ತಬೇಕು, ನನ್ನ ಮೊಣಕಾಲು ಒಪ್ಪುವುದಿಲ್ಲ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಬರೆದು ಬರೆದು ಕೈಗೆ ಪೆನ್ನು ಸಿಕ್ಕರೆ ಬಿಡುವವಳಲ್ಲ ನಾನು. ನೀವು ಓದಿ ಬೇಸರಪಟ್ಟುಕೊಳ್ಳಬಾರದು, ಅಷ್ಟೇ.

ಹುಟ್ಟಿದಾಗ ಕೂಸು ಎರಡು ಕಿಲೋ ಎಂಟುನೂರು ಗ್ರಾಮು ತೂಗಿತು. ಬಲಗಿವಿಯ ತುದಿ ಚೂರು ಮಡಚಿದೆ. ನೀರೆರೆದು, ಲೋಬಾನದ ಹೊಗೆ ಹಿಡಿದರೆ ಮೂರು ಸಲ ಸೀನುತ್ತದೆ. ಎರಡಲ್ಲ, ನಾಲ್ಕಲ್ಲ, ಮೂರೇ. ನಮ್ಮ ಯಜಮಾನರು ಕಚೇರಿಗೆ ತಡವಾದರೂ ಪರವಾಗಿಲ್ಲ, ಆ ಮೂರು ಸೀನು ಎಣಿಸಿಯೇ ಹೊರಡುತ್ತಾರೆ. ತಾಲೂಕು ಕಚೇರಿಯ ಸಿಪಾಯಿಗೆ ಮನೆಯಲ್ಲೊಬ್ಬ ಸಾಹೇಬ ಸಿಕ್ಕಂತಾಗಿದೆ.

ನಿನ್ನೆ ತೊಟ್ಟಿಲಿಗೆ ಹಾಕಿದೆವು. ನೀವು ಕಳಿಸಿದ ಕೆಂಪು ಕುಂಚಿಗೆ ತಲೆಗೂ ಬೆನ್ನಿಗೂ ಸರಿಯಾಗಿ ಬಂತು. ತೊಟ್ಟಿಲ ಶಾಸ್ತ್ರದ ಗುಂಡುಕಲ್ಲಿಗೂ ಒಂದು ಅಂಗಿ ತೊಡಿಸಿ ಕೂಸಿನ ಪಕ್ಕ ಮಲಗಿಸಿದೆವು. ಸುಮಿತಾ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು, ನೀವು ಹೇಳಿದ ಹೆಸರೇ. ಸುತ್ತ ನಿಂತವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಒಬ್ಬಳು ಜೋರಾಗಿಯೇ ಗುದ್ದಿದಳು. ಸುಮಿತಾ ಅತ್ತಳು, ಗುದ್ದಿದ್ದಕ್ಕೆ ಎಂದು ಎಲ್ಲರೂ ತಿಳಿದುಕೊಂಡರು.

ಆಮೇಲೆ ಒಡಪಿನ ಸರದಿ. ಒಬ್ಬೊಬ್ಬರೂ ಹಾಡು ಕಟ್ಟಿ ತಮ್ಮ ತಮ್ಮ ಗಂಡನ ಹೆಸರು ಹೇಳಿದರು, ಈ ಮುದುಕಿಯನ್ನೂ ಬಿಡಲಿಲ್ಲ. ಸರದಿ ಪೂರ್ಣಿಮಾಳ ಹತ್ತಿರ ಬಂದಾಗ ಅವಳನ್ನು ದಾಟಿ ಆಚೆಯವಳನ್ನು ಕೇಳಿದರು. ಅವಳು ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದಳು. ತೂಗುವುದನ್ನು ನಿಲ್ಲಿಸಲಿಲ್ಲ.

ಅದು ಬಿಡಿ. ಈಶಪ್ಪ ಬೀಗರಿಗೆ ಕೂಸಿನ ಸೀನಿನ ಸುದ್ದಿ ಹೇಳಿರಿ.

ಗುರುಸಿದ್ದವ್ವ


ಚಿಗಳ್ಳಿ
6 ಮಾರ್ಚ್ 2024

ಗುರುಸಿದ್ದವ್ವಕ್ಕನವರಿಗೆ,

ಸೀನಿನ ಸುದ್ದಿ ಹೇಳಿದೆ. ಇವರು ನಕ್ಕರು. ಇವರು ನಕ್ಕದ್ದನ್ನು ಕೇಳಿ ಬಹಳ ದಿನವಾಗಿತ್ತು. ನನಗೂ ನಗು ಬರುತ್ತದೇನೋ ಎಂದು ಪತ್ರವನ್ನು ಮತ್ತೊಮ್ಮೆ ಓದಿದೆ.

ಓಣಿಯವರು ದಿನಾ ಕೇಳುತ್ತಾರೆ. ಮೊಮ್ಮಗ ಯಾರನ್ನು ಹೋಲುತ್ತಾನೆ, ಯಾವಾಗ ಕರೆತರುತ್ತೀರಿ. ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಹೊಸ ಅಜ್ಜಿ ಹೇಗಿರಬೇಕು ಎಂದು ನನಗೆ ಗೊತ್ತು, ನಾಲ್ಕು ಮನೆಯಲ್ಲಿ ನೋಡಿದ್ದೇನೆ. ಹಾಗೆಯೇ ಇದ್ದೇನೆ. ಯಾರಿಗೂ ಅನುಮಾನ ಬಂದಿಲ್ಲ.

ಮೊನ್ನೆ ಪೆಟ್ಟಿಗೆಯಲ್ಲಿ ವೀರೇಶನ ಬೆಳ್ಳಿಯ ಉಡದಾರ ಸಿಕ್ಕಿತು, ಹುಟ್ಟಿದ ವರ್ಷ ಹಳಿಯಾಳದಲ್ಲಿ ಮಾಡಿಸಿದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬೆಳ್ಳಗಾಯಿತು. ಸುಮಿತಾಳ ಕೈಯಲ್ಲಿ ಕಳಿಸುತ್ತೇನೆ, ಕಟ್ಟಿರಿ.

ನೀವು ಹೆಸರು ಹಿಡಿದು ಕರೆದರೆ ಕಣ್ಣು ತಿರುಗಿಸುತ್ತಾನೆಯೇ? ಇನ್ನೂ ತಿಂಗಳೂ ತುಂಬಿಲ್ಲ, ಗೊತ್ತು. ಆದರೂ ಕೇಳಿದೆ.

ಗಿರಿಜಾಬಾಯಿ


ಜೊಯಿಡಾ
2 ಏಪ್ರಿಲ್ 2024

ಗಿರಿಜಕ್ಕನವರಿಗೆ,

ಉತ್ತರ ತಡವಾಯಿತು. ಅಂಗನವಾಡಿಯ ಕೆಲಸ, ಬಾಣಂತಿಯ ಪಥ್ಯ, ಇವೆರಡರ ನಡುವೆ ನಿಮ್ಮ ಮೊಮ್ಮಗನ ದರ್ಬಾರು.

ಉಡದಾರ ಕಟ್ಟಿದೆವು. ಒಂದು ಸುತ್ತು ಸಡಿಲವಾಗಿತ್ತು, ಈಗ ಹೊಟ್ಟೆ ಬಂದು ಸರಿಯಾಗಿದೆ. ಈಗ ನಗುತ್ತದೆ. ಮೊದಲು ನಿದ್ದೆಯಲ್ಲಿ ನಗುತ್ತಿತ್ತು, ಈಗ ನಮ್ಮ ಮುಖ ನೋಡಿ. ನಮ್ಮ ಯಜಮಾನರು ಸಂಜೆ ಸಮವಸ್ತ್ರದಲ್ಲೇ ತೊಟ್ಟಿಲ ಮುಂದೆ ನಿಂತು ಸಲಾಮು ಹೊಡೆಯುತ್ತಾರೆ. "ಸಾಹೇಬ್ರ, ಇವತ್ತೇನ್ ಹುಕುಂ ರೀ?" ಎಂದು ಕೇಳುತ್ತಾರೆ. ಸಾಹೇಬರು ಉಚ್ಚೆ ಹೊಯ್ದು ಹುಕುಂ ಕೊಡುತ್ತಾರೆ. ಬಜೆ ತೇಯ್ದು ನಾಲಿಗೆಗೆ ಸವರಿದರೆ ಮುಖ ಹಿಂಡಿಕೊಂಡು ನನ್ನನ್ನು ಹೀಗೆ ನೋಡುತ್ತದೆ, ಇನ್ನು ಮೇಲೆ ಮಾತಿಲ್ಲ ಎನ್ನುವ ಹಾಗೆ. ಆಮೇಲೆ ಮರೆತು ಮತ್ತೆ ನಗುತ್ತದೆ.

ಪೂರ್ಣಿಮಾ ಚೆನ್ನಾಗಿ ಉಣ್ಣುತ್ತಾಳೆ. ಹಾಲು ಸಾಕಷ್ಟಿದೆ. ಮಾತು ಕಡಿಮೆ. ಅದು ಮೊದಲಿಂದ ಇದ್ದದ್ದೇ.

ಐದನೇ ತಿಂಗಳಿಗೆ ಕಳಿಸಿಕೊಡುತ್ತೇವೆ. ಆಗ ನಮ್ಮ ಮನೆ ಬಣಬಣ ಎನ್ನುತ್ತದೆ, ಅದನ್ನು ಈಗಲೇ ಯೋಚಿಸಿ ಒಂದು ಸುತ್ತು ಅತ್ತಿದ್ದೇನೆ.

ಗುರುಸಿದ್ದವ್ವ


ಚಿಗಳ್ಳಿ
11 ಏಪ್ರಿಲ್ 2024

ಗುರುಸಿದ್ದವ್ವಕ್ಕನವರಿಗೆ,

ನಿಮ್ಮ ಎರಡೂ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ಕೂಸು ಎಂದಿದ್ದೀರಿ, ಸಾಹೇಬರು ಎಂದಿದ್ದೀರಿ, ನಿಮ್ಮ ಮೊಮ್ಮಗ ಎಂದಿದ್ದೀರಿ. ಹೆಸರಿಟ್ಟ ದಿನದ ಪತ್ರದಲ್ಲಿ ಕೂಡ "ನೀವು ಹೇಳಿದ ಹೆಸರೇ" ಎಂದು ಬರೆದಿದ್ದೀರಿ. ವೀರೇಶ ಎಂದು ಒಂದು ಸಲವೂ ಬರೆದಿಲ್ಲ. ನಾನು ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಿಲ್ಲ.

ಸಾತಪ್ಪ ಬೀಗರು ಕೂಸಿಗೆ ಸಲಾಮು ಹೊಡೆಯಲಿ, ಬೇಡ ಎನ್ನುವುದಿಲ್ಲ. ಆದರೆ ನೀವು ಅವನನ್ನು ಏನೆಂದು ಕರೆಯುತ್ತೀರಿ, ಅದನ್ನು ಬರೆಯಿರಿ.

ಗಿರಿಜಾಬಾಯಿ


ಜೊಯಿಡಾ
29 ಏಪ್ರಿಲ್ 2024

ಗಿರಿಜಕ್ಕಾ,

ಬರೆಯುವುದನ್ನು ಬಿಟ್ಟರೆ ಸುಳ್ಳಾಗುವುದಿಲ್ಲ ಎಂದುಕೊಂಡಿದ್ದೆ. ನೀವು ಹಿಡಿದುಬಿಟ್ಟಿರಿ.

ಆಸ್ಪತ್ರೆಯಲ್ಲಿ ಸಿಸ್ಟರು ಕೂಸಿನ ತಂದೆಯ ಹೆಸರು ಕೇಳಿದಾಗ ಪೂರ್ಣಿಮಾ ಬಾಯಿ ತೆರೆಯಲಿಲ್ಲ. ಅವರ ಕೈಯಿಂದ ಪೆನ್ನು ತೆಗೆದುಕೊಂಡು ಬರೆದು ಕೊಟ್ಟಳು. ಗಂಡನ ಹೆಸರು ಹೇಳಬಾರದೆಂದು ನಾನೇ ಕಲಿಸಿದ್ದು, ಅದರಲ್ಲೇನೂ ವಿಶೇಷ ಕಾಣಲಿಲ್ಲ. ಹೆಸರಿಟ್ಟ ಮರುದಿನ ನಮ್ಮ ಯಜಮಾನರು ತೊಟ್ಟಿಲಿಗೆ ಬಗ್ಗಿ "ಏ ವೀರೇಶಾ" ಎಂದು ಕರೆದರು. ಅವಳು ಉಣ್ಣುವ ತಾಟನ್ನು ಬಿಟ್ಟು ಎದ್ದು ಹಿಂದಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ಅಂದು ಸಂಜೆಯವರೆಗೆ ಎದೆಯಲ್ಲಿ ಹಾಲು ಇಳಿಯಲಿಲ್ಲ. ಕೂಸು ಹಸಿದು ಒದರಿತು. ಅಂದಿನಿಂದ ನಾವು ಸಾಹೇಬರು, ಗುಂಡ, ಬಾಯಿಗೆ ಬಂದದ್ದು ಹೇಳುತ್ತೇವೆ.

ಅವಳು ಏನೂ ಕರೆಯುವುದಿಲ್ಲ. ಎರಡು ಸಲ ಚಪ್ಪಾಳೆ ತಟ್ಟುತ್ತಾಳೆ. ಕೂಸು ಎಲ್ಲಿದ್ದರೂ ಆ ಕಡೆ ಕತ್ತು ಹೊರಳಿಸಿ ನಗುತ್ತದೆ. ನೋಡಲು ಚೆಂದ, ಆದರೆ ನನಗೆ ನೋಡಲಾಗುವುದಿಲ್ಲ. "ಯಾಕವಾ, ಮಗನ್ನ ಒಮ್ಮೆರ ಹೆಸರು ಹಿಡದು ಕರಿ" ಎಂದರೆ "ಆಗಂಗಿಲ್ಲ ಯವ್ವಾ, ಕೇಳಬ್ಯಾಡ" ಎನ್ನುತ್ತಾಳೆ.

ಸಿಟ್ಟಾಗಬೇಡಿ ಅಕ್ಕಾ. ಸಿಟ್ಟಾದರೆ ನನ್ನ ಮೇಲೆ ಆಗಿರಿ.

ಗುರುಸಿದ್ದವ್ವ


ಚಿಗಳ್ಳಿ
6 ಮೇ 2024

ಗುರುಸಿದ್ದವ್ವಕ್ಕನವರಿಗೆ,

ಗಂಡನ ಹೆಸರು ಹೇಳಬಾರದೆಂಬುದು ನಿಮ್ಮ ಮನೆಯದೊಂದೇ ಪದ್ಧತಿಯಲ್ಲ. ಮೂವತ್ತೆರಡು ವರ್ಷವಾಯಿತು, ನಾನೂ ಇವರ ಹೆಸರು ಹೇಳಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಮಕ್ಕಳಿಂದ ಹೇಳಿಸುತ್ತಿದ್ದೆ. ಆದರೆ ಅದು ಇದ್ದವರ ಹೆಸರು. ಹೋದವನ ಹೆಸರಿಗೆ ಎಂಥ ಕಟ್ಟು?

ನನ್ನ ಮಗನ ಬಟ್ಟೆಗಳನ್ನು ಕೊಟ್ಟಾಯಿತು. ಬೈಕು ಹೋಯಿತು. ಮೋಟರಿಗೆ ತಂತಿ ಸುತ್ತುವ ಅವನ ಅಂಗಡಿಯಲ್ಲಿ ಈಗ ಯಾರೋ ಮೊಬೈಲಿನ ಕವರು ಮಾರುತ್ತಾರೆ. ಉಳಿದದ್ದು ಹೆಸರೊಂದು. ಅದನ್ನೂ ನಿಮ್ಮ ಮಗಳು ಬಾಯಲ್ಲಿ ಹಾಕಿಕೊಳ್ಳಲಾರಳೆಂದರೆ ನಾನೇನು ಮಾಡಲಿ?

ಐದನೇ ತಿಂಗಳಿಗೆ ಬರುವಾಗ ಆ ಹೆಸರಿನಿಂದ ಕರೆಯುವುದಿದ್ದರೆ ಬರಲಿ. ಇಲ್ಲದಿದ್ದರೆ ಅಲ್ಲಿಯೇ ಇರಲಿ. ಚಪ್ಪಾಳೆಗೆ ಹೊರಳುವ ಕೂಸಿನಿಂದ ನನಗೆ ಆಗಬೇಕಾದದ್ದಿಲ್ಲ.

ಗಿರಿಜಾಬಾಯಿ


ಜೊಯಿಡಾ
3 ಜೂನ್ 2024

ಅತ್ತೆಯವರಿಗೆ ಪೂರ್ಣಿಮಾಳ ಶರಣು.

ನೀವು ಅವ್ವನಿಗೆ ಬರೆದ ಪತ್ರ ಟ್ರಂಕಿನ ತಳದಲ್ಲಿತ್ತು. ಕೂಸಿನ ಕುಂಚಿಗೆ ಹುಡುಕುವಾಗ ಸಿಕ್ಕಿತು. ಓದಿದ್ದು ಅವ್ವನಿಗೆ ಗೊತ್ತಿಲ್ಲ. ನಾನು ಬರೆದು ರೂಢಿಯಿಲ್ಲದವಳು, ಹೆಚ್ಚು ಕಡಿಮೆಯಾದರೆ ಕ್ಷಮಿಸಿರಿ.

ಹೋದ ವರ್ಷ ಮೇ ತಿಂಗಳಲ್ಲಿ ನಾವಿಬ್ಬರೂ ಇಲ್ಲಿಗೆ ಬಂದಿದ್ದು ನೆನಪಿರಬಹುದು. ನೀವು ಉಪ್ಪಿನಕಾಯಿಯ ಭರಣಿ ಕೊಟ್ಟು ಕಳಿಸಿದ್ದಿರಿ. ಅದರ ಮರುದಿನ ಬೈಕಿನ ಮೇಲೆ ಕ್ಯಾಸಲ್‌ರಾಕ್‌ಗೆ ಹೋದೆವು. ಅಲ್ಲಿ ನೋಡುವಂಥದ್ದು ಏನೂ ಇಲ್ಲ, ಒಂದು ಸ್ಟೇಷನ್ನು, ರೇಲ್ವೆಯವರ ಮನೆಗಳು, ಸುತ್ತಲೂ ಅಡವಿ. ಅವರಿಗೆ ಇಂಜಿನ್ನಿನ ಸದ್ದು ಕೇಳುವ ಹುಚ್ಚು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಘಟ್ಟ ಹತ್ತಿ ಗೂಡ್ಸ್ ಗಾಡಿ ಬಂತು. ನೆಲ ನಡುಗುತ್ತಿತ್ತು. ಆಗ ಅವರು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ನಿನ್ನ ಬಾಯಾಗ ನನ್ನ ಹೆಸರು ಒಮ್ಮಿನೂ ಕೇಳಿಲ್ಲ ನಾ. ಈಗ ಹೇಳು. ಈ ಗದ್ಲದಾಗ ದೇವರಿಗೂ ಕೇಳಂಗಿಲ್ಲ" ಎಂದರು.

ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೆ. ಅದು ಬೇರೆ, ಅದರಲ್ಲಿ ಹೆಸರಿನ ಸುತ್ತ ಹಾಡಿರುತ್ತದೆ. ಬರೀ ಹೆಸರನ್ನು ಎಂದೂ ಹೇಳಿರಲಿಲ್ಲ. ಅಂದು ಹೇಳಿದೆ.

ಗಾಡಿ ದಾಟಿತು. ಅವರು ನಗುತ್ತಾ "ಖರೇನ ಕೇಳಿಸ್ಲಿಲ್ಲ, ಇನ್ನೊಮ್ಮೆ ಹೇಳು" ಎಂದರು. ಅಷ್ಟರಲ್ಲಿ ಎಲ್ಲ ಸುಮ್ಮನಾಗಿತ್ತು, ಚಹಾದಂಗಡಿಯವನು ಇತ್ತಲೇ ನೋಡುತ್ತಿದ್ದ. "ಮುಂದಿನ ಗಾಡಿಗೆ" ಎಂದೆ. ಮುಂದಿನ ಗಾಡಿ ಬರುವ ಮೊದಲೇ ನಾವು ಹೊರಟೆವು.

ಅದಾಗಿ ಮೂರು ತಿಂಗಳಿಗೆ ಅವರು ಹೋದರು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ನಾನು ಪಿಯುಸಿ ಪಾಸಾದವಳು, ಅಂಥದ್ದನ್ನು ನಂಬುವವಳಲ್ಲ. ಆದರೆ ನಾನು ಹೇಳಿದ್ದು ನಿಜ, ಅವರು ಹೋದದ್ದು ನಿಜ. ಈಗ ಅದೇ ಹೆಸರಿನಿಂದ ಕೂಸನ್ನು ಕರೆಯಲು ಬಾಯಿ ತೆರೆದವಳು ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತೇನೆ. ಇದಕ್ಕೇನಾದರೂ ಆದರೆ? ಇದನ್ನು ಅವ್ವನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ನಿಮ್ಮ ಮಗನನ್ನು ನಾನೇ ಕಳೆದೆ ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ ಎಂದು ಬರೆದಿದ್ದೇನೆ.

ನೀವು ಬೇಡವೆಂದರೆ ನಾನು ಬರುವುದಿಲ್ಲ. ಕೂಸಿಗೆ ಮಾತ್ರ ನಿಮ್ಮ ಮನೆ ತಪ್ಪಬಾರದು.

ನಿಮ್ಮ ಸೊಸೆ
ಪೂರ್ಣಿಮಾ


ಚಿಗಳ್ಳಿ
12 ಜೂನ್ 2024

ಪೂರ್ಣಿಮಾ,

ನಿನ್ನ ಪತ್ರವನ್ನು ಹಿತ್ತಲಲ್ಲಿ, ಎಮ್ಮೆ ಕಟ್ಟುವ ಗೂಟದ ಹತ್ತಿರ ಕೂತು ಓದಿದೆ.

ಮೊದಲನೆಯ ಮಾತು. ಹೆಸರು ಹೇಳಿದರೆ ಜನ ಸಾಯುವುದಿದ್ದರೆ ನನ್ನ ಮಗ ಅಂಬೆಗಾಲಿಡುವ ಮೊದಲೇ ಸಾಯಬೇಕಿತ್ತು. ಊಟಕ್ಕೆ ಕೂಗಿದ್ದೇನೆ, ಶಾಲೆಗೆ ಕೂಗಿದ್ದೇನೆ, ಕೆರೆಯ ಕಡೆ ಹೋದಾಗ ಓಣಿ ಬಿರಿಯುವಂತೆ ಕೂಗಿದ್ದೇನೆ. ಇಪ್ಪತ್ತೇಳು ವರ್ಷ ಏನೂ ಆಗಲಿಲ್ಲ. ಅಂದು ಮಳೆ ಬಂದಿತ್ತು, ಹಳಿಯಾಳದಿಂದ ಮೋಟರು ಹೇರಿಕೊಂಡು ಬರುತ್ತಿದ್ದ, ಬೈಕು ಜಾರಿತು. ಹೆಲ್ಮೆಟ್ಟನ್ನು ಹ್ಯಾಂಡಲಿಗೆ ಸಿಕ್ಕಿಸಿದ್ದ. ಅಷ್ಟೇ ಆದದ್ದು. ನೀನು ಏನನ್ನೂ ಕಳೆದಿಲ್ಲ. ನೀನು ಹೇಳಿದ್ದು ಅವನಿಗೆ ಕೇಳಿಸಿತ್ತು. ಕೇಳಿಸಿದ್ದಕ್ಕೇ ಇನ್ನೊಮ್ಮೆ ಹೇಳು ಎಂದಿದ್ದಾನೆ. ಸಣ್ಣವನಿದ್ದಾಗಲೂ ಹಾಗೆಯೇ, ಬೆಲ್ಲ ತಿಂದು ಬಾಯಿ ಒರೆಸಿಕೊಂಡು ಇನ್ನೂ ಕೊಟ್ಟಿಲ್ಲ ಎನ್ನುತ್ತಿದ್ದ.

ಎರಡನೆಯ ಮಾತು ಹೇಳುವುದು ಕಷ್ಟ. ನಿನ್ನ ಪತ್ರ ಓದಿ ಮುಗಿಸಿ, ಇಷ್ಟು ಸರಳ ಹೆಸರಿಗೆ ಇಷ್ಟೇಕೆ ಹೆದರಿಕೆ ಎಂದು, ಕರೆದು ನೋಡಲು ಎದ್ದು ನಿಂತೆ. ಹಿತ್ತಲಲ್ಲಿ ಎಮ್ಮೆ ಬಿಟ್ಟು ಯಾರೂ ಇರಲಿಲ್ಲ. ಬಾಯಿ ತೆರೆದೆ. ಏನೂ ಬರಲಿಲ್ಲ. ಮತ್ತೆ ತೆರೆದೆ. ಗಂಟಲಿನಲ್ಲಿ ಗಾಳಿಯೂ ಇಲ್ಲ.

ಹೋದ ಆಗಸ್ಟಿನಿಂದ ನಾನು ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ ಎಂದು ಆಗ ತಿಳಿಯಿತು. ಪತ್ರದಲ್ಲಿ ಬರೆದಿದ್ದೇನೆ, ನೀನು ಆಸ್ಪತ್ರೆಯಲ್ಲಿ ಬರೆದು ಕೊಟ್ಟ ಹಾಗೆ. ಸುಮಿತಾಳಿಗೆ ಹೇಳಿ ಕಳಿಸುವಾಗ ಕೂಡ "ನಿಮ್ಮಣ್ಣನ ಹೆಸರಿಡು" ಎಂದಿದ್ದೆ. ನೀವೆಲ್ಲ ಕರೆಯಬೇಕು, ನಾನು ಕೂತು ಕೇಳಬೇಕು ಎಂದುಕೊಂಡಿದ್ದೆ. ನನ್ನ ಕೈಲಾಗದ್ದನ್ನು ಹದಿಮೂರು ದಿನದ ಕೂಸಿನ ಮೇಲೆ ಹೊರಿಸಿ, ಹೊರಲಿಲ್ಲವೆಂದು ನಿನ್ನನ್ನು ಬೈದೆ. ನಿನ್ನ ಅವ್ವನಿಗೆ ಹಾಗೆ ಬರೆದದ್ದು ನನ್ನ ತಪ್ಪು.

ಕೂಸಿಗೆ ಹೆಸರು ನೀನೇ ಹುಡುಕು. ಬಾಯಿತುಂಬ ಕರೆಯುವಂಥದ್ದು. ಒಮ್ಮೆ ಕಿವಿಯಲ್ಲಿ ಹೇಳಿದ ಹೆಸರನ್ನು ಬದಲಿಸಬಹುದೇ ಎಂದು ನಮ್ಮ ಮಠದ ಅಯ್ಯನವರನ್ನು ಕೇಳಿದೆ. ಅವರು, "ಕೂಸಿಗೆ ಕಿವಿ ಎರಡದಾವಲ್ಲ ಗಿರಿಜವ್ವ, ಇನ್ನೊಂದ್ರಾಗ ಹೇಳ್ರಿ" ಎಂದರು.

ಐದನೇ ತಿಂಗಳು ದಾಟುವ ಮೊದಲು ಬಾ. ಇವರು ತೊಟ್ಟಿಲಿಗೆ ಹೊಸ ಹಗ್ಗ ತಂದಿದ್ದಾರೆ.

ನಿನ್ನ ಅತ್ತೆ
ಗಿರಿಜಾಬಾಯಿ


ಚಿಗಳ್ಳಿ
28 ಜುಲೈ 2024

ಗುರುಸಿದ್ದವ್ವಕ್ಕನವರಿಗೆ,

ನಿಮ್ಮ ಮನೆ ಬಣಬಣ ಎನ್ನುತ್ತಿರಬೇಕು. ಸಾತಪ್ಪ ಬೀಗರು ಯಾರಿಗೆ ಸಲಾಮು ಹೊಡೆಯುತ್ತಾರೆ ಈಗ? ಇಲ್ಲಿಯ ಸುದ್ದಿ ಬರೆಯುತ್ತೇನೆ, ನಿಮ್ಮಷ್ಟು ಚೆಂದ ಬರೆಯಲು ಬರುವುದಿಲ್ಲ.

ಸುಮಿತಾ ಬಂದು ಎಡಗಿವಿಯಲ್ಲಿ ಹೊಸ ಹೆಸರು ಹೇಳಿದಳು. ಅಜಯ. ಯಾಕೆ ಇದನ್ನೇ ಆರಿಸಿದೆ ಎಂದು ಪೂರ್ಣಿಮಾಳನ್ನು ಕೇಳಿದೆ. "ನಮ್ಮ ಎರಡೂ ಮನ್ಯಾಗ ಯಾರ್ದೂ ಅಲ್ಲದ ಹೆಸರ್ರಿ ಅತ್ತಿ" ಎಂದಳು. ನನಗೂ ಅದು ಸರಿಯೆನ್ನಿಸಿತು. ವರ್ಷ ತುಂಬಲು ಇನ್ನೂ ದಿನಗಳಿವೆ, ಆದರೂ ನಾನೇ ತೊಟ್ಟಿಲು ತೂಗಿದೆ. ಯಾರೂ ಏನೂ ಅನ್ನಲಿಲ್ಲ. ಒಡಪಿನ ಸರದಿ ಬಂದಾಗ ಇಲ್ಲಿಯೂ ಪೂರ್ಣಿಮಾಳನ್ನು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ನನಗೂ ಆಗಲಿಲ್ಲ.

ಮೊದಲ ವಾರ ಕೂಸನ್ನು ಎತ್ತಿಕೊಂಡಾಗ ನನಗೆ ಏನೂ ಆಗಲಿಲ್ಲ ಅಕ್ಕಾ. ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಭಾರ ತಿಳಿಯಿತು, ಅಷ್ಟೇ. ಅವಳು ಈಗ ಚಪ್ಪಾಳೆಯನ್ನೂ ತಟ್ಟುತ್ತಾಳೆ, ಹೆಸರನ್ನೂ ಕರೆಯುತ್ತಾಳೆ. ಕೂಸು ಹೆಚ್ಚಾಗಿ ಚಪ್ಪಾಳೆಗೇ ಹೊರಳುತ್ತದೆ.

ಎರೆಯುವುದು ನನ್ನ ಪಾಲಿಗೆ ಬಂದಿದೆ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತೇನೆ. ಕೂಸು ಸುಖಕ್ಕೆ ಅಲ್ಲಿಯೇ ನಿದ್ದೆ ಹೋಗುತ್ತದೆ. ಮೊನ್ನೆ ಎಬ್ಬಿಸುವುದು ಬೇಡವೆಂದು ಹಾಗೆಯೇ ಕೂತೆ. ಏಳಲು ಹೋದರೆ ಎರಡೂ ಕಾಲು ಜೋಮು ಹಿಡಿದಿದ್ದವು, ನಿಜವಾದ ಜೋಮು. ಬಿಡುವಾಗ ಕೆಂಪಿರುವೆ ಹರಿದಂತಾಗಿ ಒದರಿಬಿಟ್ಟೆ. ಪೂರ್ಣಿಮಾ ಓಡಿ ಬಂದು ಕಾಲು ತಿಕ್ಕಿದಳು. ನೋವಾಗುತ್ತದೆ ಎಂದೆ. ಹಾಗೆ ಹೇಳಿದ್ದು ಬಹಳ ದಿನಕ್ಕೆ.

ನಿನ್ನೆ ಜೋಳ ಬೀಸಿಸಲು ಬಾಳೇಶನ ಗಿರಣಿಗೆ ಹೋಗಿದ್ದೆ. ಅಲ್ಲಿಯ ಗದ್ದಲ ನಿಮಗೆ ಗೊತ್ತಿಲ್ಲ, ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಆ ಮೋಟರಿಗೆ ಎರಡು ಸಲ ತಂತಿ ಸುತ್ತಿದವನು ನನ್ನ ಮಗ. ಬೆಲ್ಟು ಓಡುತ್ತಿತ್ತು, ಹಿಟ್ಟು ಹಾರುತ್ತಿತ್ತು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಕ್ಯಾಸಲ್‌ರಾಕ್ ನೆನಪಾಯಿತು. ಅದು ಏನೆಂದು ನಿಮ್ಮ ಮಗಳೇ ಎಂದಾದರೂ ನಿಮಗೆ ಹೇಳುತ್ತಾಳೆ, ನಾನು ಹೇಳುವುದಲ್ಲ. ಬಾಯಿ ತೆರೆದೆ. ಮೊದಲು ಗಾಳಿಯಷ್ಟೇ ಬಂತು, ಆಮೇಲೆ ಹೆಸರು ಬಂತು. "ವೀರೇಶಾ" ಎಂದು ಕೂಗಿದೆ, ಉಣ್ಣಲು ಕರೆಯುವ ಹಾಗೆ.

ಬಾಳೇಶ ತಿರುಗಿ ಕೈಸನ್ನೆ ಮಾಡಿ "ಏನಂದ್ರಿ ಅಕ್ಕಾರ?" ಎಂದು ಕೇಳಿದ.

"ಸಣ್ಣಗ ಬೀಸು ಅಂದೆ."

ಅವನು ಕಲ್ಲು ಬಿಗಿ ಮಾಡಿದ. ನಾನು ಇನ್ನೊಮ್ಮೆ ಕೂಗಿದೆ. ಮತ್ತೊಮ್ಮೆ ಕೂಗಿದೆ. ಚೀಲ ತುಂಬುವವರೆಗೂ ಕೂಗಿದೆ.

ಮನೆಗೆ ಬಂದಾಗ ನನ್ನ ಮುಖವೆಲ್ಲ ಹಿಟ್ಟು, ಹಿಟ್ಟಿನ ಮೇಲೆ ಎರಡು ಹಸಿ ಗೆರೆ. ಅಜಯ ಗುರುತು ಸಿಗದೆ ತುಟಿ ಹಿಂಡಿದ, ಬಿಕ್ಕಿದ. ಆಮೇಲೆ ಮೂರು ಸಲ ಸೀನಿದ. ಮೂರೇ. ನಾನು ನಕ್ಕೆ. ನಗುವುದೂ ಅಳುವುದೂ ಒಂದೇ ಸಲ ಬಂತು, ಯಾವುದು ಯಾವುದೆಂದು ತಿಳಿಯಲಿಲ್ಲ.

"ಏನಾತ್ರಿ ಅತ್ತಿ?" ಎಂದು ಪೂರ್ಣಿಮಾ ಹೆದರಿ ಕೇಳಿದಳು. ಹೇಳಿದೆ. ಅವಳು ಕೂಸನ್ನು ಕಂಕುಳಲ್ಲಿ ಹಿಡಿದು, ಸೆರಗಿನಿಂದ ನನ್ನ ಮುಖದ ಹಿಟ್ಟು ಒರೆಸಿದಳು.

"ಯಾರಿಗರ ಕೇಳಿಸ್ತೇನ್ರಿ?"

"ಇಲ್ಲವಾ. ಗಿರಣಿ ಗದ್ಲದಾಗ ಯಾರಿಗೆ ಕೇಳತೈತಿ?"

ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ಚೀಲದ ಹಿಟ್ಟನ್ನು ಡಬ್ಬಿಗೆ ಸುರಿದಳು. ಡಬ್ಬಿ ತುಂಬಿತು. ಮುಚ್ಚಳ ಹಾಕಿ, ನನ್ನ ಕಡೆ ನೋಡದೆ, "ನಾಳೆ ಗಿರಣಿಗೆ ನಾ ಹೋಗ್ತೇನ್ರಿ ಅತ್ತಿ" ಎಂದಳು.

ಹದಿನೈದು ದಿನಕ್ಕಾಗುವಷ್ಟು ಹಿಟ್ಟು ಮನೆಯಲ್ಲಿದೆ. ಆದರೂ ಇಂದು ಬೆಳಿಗ್ಗೆ ಎರಡು ಸೇರು ಜೋಳ ಹಸನು ಮಾಡಿ ಬಾಗಿಲ ಹತ್ತಿರ ಇಟ್ಟಿದ್ದೇನೆ.

ನಿಮ್ಮ
ಗಿರಿಜಾಬಾಯಿ